ಸೆರೆಮನೆ ಯಾವಾಗ ಶಿಕ್ಷೆಯಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ದಂಡನೆ ಮತ್ತು ಸೆರೆಮನೆಗಳ ಚರಿತ್ರೆಯ ಬಗ್ಗೆ ಮಾತನಾಡಲು ಹೋದಲ್ಲೆಲ್ಲ, ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲಿನವು ಸರಳ, ಮುಂದೆ ಹೋದಂತೆ ಕಾನೂನಿನ ತೊಡಕು ಹೆಚ್ಚುತ್ತದೆ.

## ಮೊದಲ ಪ್ರಶ್ನೆಗಳು

ಜೈಲು ರಾಜರ ಕಾಲದಿಂದಲೂ ಇದ್ದದ್ದೇ ಅಲ್ಲವೇ? ಕೋಟೆಗಳಲ್ಲಿ ಕತ್ತಲಕೋಣೆ ನೋಡಿದ್ದೇವಲ್ಲ?

ಕೋಣೆ ಇತ್ತು, ಅದರ ಕೆಲಸ ಬೇರೆಯಾಗಿತ್ತು. ಶ್ರೀರಂಗಪಟ್ಟಣವನ್ನೇ ನೋಡಿ. 1780ರ ಪೊಳ್ಳಿಲೂರು ಕದನದಲ್ಲಿ ಸಿಕ್ಕಿಬಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳನ್ನು ಹೈದರ್, ಆಮೇಲೆ ಟಿಪ್ಪು ಅಲ್ಲಿ ಸೆರೆಯಲ್ಲಿಟ್ಟರು. ಕರ್ನಲ್ ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಉಳಿದವರು 1784ರ ಮಂಗಳೂರು ಒಪ್ಪಂದವಾದ ಮೇಲೆ ಹೊರಬಂದರು. ಅವರಲ್ಲಿ ಒಬ್ಬನಾದ ಡೇವಿಡ್ ಬೇರ್ಡ್ 1799ರಲ್ಲಿ ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳಾಗಿ ಮರಳಿದ. ಅವರು ಯುದ್ಧದ ಒತ್ತೆಯಾಳುಗಳು. ಯಾರೂ ಅವರಿಗೆ ‘ಇಷ್ಟು ವರ್ಷ ಸೆರೆ’ ಎಂದು ತೀರ್ಪು ಕೊಟ್ಟಿರಲಿಲ್ಲ. ಮೊಗಲರು ಗ್ವಾಲಿಯರ್ ಕೋಟೆಯಲ್ಲಿ ರಾಜಕುಮಾರರನ್ನು ಕೂಡಿಹಾಕುತ್ತಿದ್ದದ್ದು ಅವರು ಸಿಂಹಾಸನಕ್ಕೆ ಅಡ್ಡ ಬರುತ್ತಾರೆಂಬ ಭಯದಿಂದ.

ಯುರೋಪಿನಲ್ಲೂ ಬಹುಪಾಲು ಹೀಗೆಯೇ. ವಿಚಾರಣೆಯ ತನಕ, ನೇಣಿನ ದಿನದ ತನಕ, ಸಾಲ ತೀರುವ ತನಕ ಕೂಡಿಹಾಕುವ ಜಾಗ ಸೆರೆಮನೆ. ಶಿಕ್ಷೆ ಆಮೇಲಿನದು. ಕ್ಯಾಲೆಂಡರಿನಲ್ಲಿ ಅಳೆದು ‘ಈ ತಪ್ಪಿಗೆ ಮೂರು ವರ್ಷ, ಆ ತಪ್ಪಿಗೆ ಏಳು ವರ್ಷ’ ಎಂದು ಕಾಲವನ್ನೇ ದಂಡವಾಗಿ ವಸೂಲು ಮಾಡುವುದು ಎಲ್ಲೆಡೆಯ ವಾಡಿಕೆಯಾದದ್ದು ಸುಮಾರು 230 ವರ್ಷಗಳಿಂದ ಈಚೆಗೆ. ಕೇಳುಗರಿಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತರುವ ಸಂಗತಿ ಇದು. ನನ್ನ ಮಾತೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಹಾಗಾದರೆ ನಮ್ಮಲ್ಲಿ ಕಳ್ಳ ಸಿಕ್ಕಿದರೆ ಏನು ಮಾಡುತ್ತಿದ್ದರು?

ದಂಡ ಹಾಕುತ್ತಿದ್ದರು, ಗಡಿಪಾರು ಮಾಡುತ್ತಿದ್ದರು, ಅಥವಾ ದೇಹದ ಮೇಲೆಯೇ ಶಿಕ್ಷೆ ಬೀಳುತ್ತಿತ್ತು. ವಿಜಯನಗರದಲ್ಲಿ 1530ರ ದಶಕದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವ ಪ್ರಕಾರ, ಕಳ್ಳನಿಗೆ ಒಂದು ಕೈ ಮತ್ತು ಒಂದು ಕಾಲು ಕಡಿಯುತ್ತಿದ್ದರು. ದೊಡ್ಡ ಕಳ್ಳತನವಾದರೆ ಗದ್ದದ ಕೆಳಗೆ ಕೊಕ್ಕೆ ಚುಚ್ಚಿ ತೂಗುಹಾಕುತ್ತಿದ್ದರು. ದ್ರೋಹ ಬಗೆದ ಸರದಾರನಿಗೆ ಶೂಲ. ಅದಕ್ಕೂ ಮುಂಚೆ, 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಪರಾಧಿಗಳನ್ನು ಆನೆಯ ಕಾಲಡಿಗೆ ಹಾಕುವುದನ್ನು ಹೇಳುತ್ತಾನೆ. ಇಬ್ಬರೂ ಹೊರಗಿನಿಂದ ಬಂದವರು, ಕಣ್ಣು ಕುಕ್ಕಿದ್ದನ್ನೇ ಹೆಚ್ಚಾಗಿ ಬರೆದಿರಬಹುದು. ಊರಿನ ದಿನನಿತ್ಯದ ಜಗಳಗಳು ದಂಡದಲ್ಲೇ ತೀರುತ್ತಿದ್ದವು ಎಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಬೈದರೆ ಇಷ್ಟು, ಹೊಡೆದರೆ ಇಷ್ಟು, ಕಠಾರಿ ಹಿರಿದರೆ ಇನ್ನಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಹಣದ ಲೆಕ್ಕ ಕೊರೆದಿರುವ ಕಲ್ಲುಗಳಿವೆ.

ಒಂದನ್ನು ಮರೆಯಬಾರದು. ಧರ್ಮಶಾಸ್ತ್ರದ ದಂಡನೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬೇರೆಯವರಿಗೆ ಮರಣದಂಡನೆ ಬೀಳುವ ತಪ್ಪಿಗೆ ಬ್ರಾಹ್ಮಣನಿಗೆ ತಲೆ ಬೋಳಿಸುವುದು ಸಾಕು ಎನ್ನುತ್ತದೆ ಮನುಸ್ಮೃತಿ. ‘ಹಿಂದಿನ ನ್ಯಾಯವೇ ಚೆನ್ನಾಗಿತ್ತು’ ಎಂದು ಯಾರಾದರೂ ಹೇಳಿದಾಗ, ಯಾರಿಗೆ ಚೆನ್ನಾಗಿತ್ತು ಎಂದು ನಾನು ತಪ್ಪದೆ ಕೇಳುತ್ತೇನೆ.

ಸೆರೆಮನೆ, ಕಾರಾಗೃಹ, ಬಂದೀಖಾನೆ, ಜೈಲು... ಒಂದಕ್ಕೆ ಇಷ್ಟೊಂದು ಹೆಸರು ಏಕೆ?

ಆಳಿದವರೆಲ್ಲ ಒಂದೊಂದು ಹೆಸರು ಬಿಟ್ಟುಹೋಗಿದ್ದಾರೆ. ಸೆರೆ ನಮ್ಮದು, ಕಾರಾಗೃಹ ಸಂಸ್ಕೃತದ್ದು, ಬಂದೀಖಾನೆ ಪಾರಸಿಯಿಂದ ಬಂದದ್ದು, ಕೈದಿ ಎಂಬುದು ಅರಬ್ಬಿಯ ಕೈದ್‌ನಿಂದ. ಉತ್ತರ ಕರ್ನಾಟಕದ ಹಿರಿಯರು ಹೇಳುವ ‘ತುರಂಗ’ ಮರಾಠಿಯ ಮೂಲಕ ಬಂದ ಪೋರ್ಚುಗೀಸ್ ಮಾತು. ಮೂಲದ ‘ತ್ರೋಂಕು’ ಎಂದರೆ ಮರದ ದಿಮ್ಮಿ, ಕೈದಿಯ ಕಾಲು ಸಿಕ್ಕಿಸುವ ಮರದ ಕೋಳ. ಜನರ ಬಾಯಲ್ಲಂತೂ ಜೈಲಿಗೆ ಹೋಗುವುದೆಂದರೆ ಕಂಬಿ ಎಣಿಸುವುದು, ಮುದ್ದೆ ಮುರಿಯುವುದು.

ಅಶೋಕನ ಶಾಸನದಲ್ಲಿ ಕೈದಿಗಳ ಮಾತಿದೆಯಂತೆ, ನಿಜವೇ?

ನಿಜ. ಅದರ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಸನ್ನತಿಯ ಚಂದ್ರಲಾಂಬಾ ಗುಡಿಯಲ್ಲಿ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲೊಂದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅದರ ಮೇಲಿದ್ದದ್ದು ಅಶೋಕನ ಶಾಸನ. ಕಳಿಂಗದ ಅಧಿಕಾರಿಗಳಿಗೆಂದು ಹೊರಡಿಸಿದ ವಿಶೇಷ ಶಾಸನಗಳೂ ಅದರಲ್ಲಿ ಸೇರಿವೆ. ಆಡಳಿತದಲ್ಲಿ ಯಾರೋ ಒಬ್ಬರು ಕಾರಣವಿಲ್ಲದೆ ಸೆರೆಗೋ ಹಿಂಸೆಗೋ ಒಳಗಾಗುತ್ತಾರೆ, ಅದರಿಂದ ಇನ್ನೂ ಹಲವರು ನೋಯುತ್ತಾರೆ, ಹಾಗಾಗದಂತೆ ನೋಡಿಕೊಳ್ಳಿ ಎಂಬುದು ಅದರ ಒಂದು ಭಾಗದ ತಿರುಳು. ಅಸೂಯೆ, ಸಿಟ್ಟು, ಆತುರ, ಸೋಮಾರಿತನ, ಆಯಾಸ ಅಧಿಕಾರಿಯಲ್ಲಿ ಇರಬಾರದೆಂದೂ ಹೇಳುತ್ತದೆ. ದಣಿದ ಅಧಿಕಾರಿಯ ಕೈಯಲ್ಲಿ ನ್ಯಾಯ ಕೆಡುತ್ತದೆ ಎಂದು ಇಪ್ಪತ್ತೆರಡು ಶತಮಾನಗಳ ಹಿಂದೆಯೇ ಒಬ್ಬ ದೊರೆಗೆ ಹೊಳೆದಿತ್ತು. ಆ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸ್ತಂಭಶಾಸನಗಳಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವು ಕೊಟ್ಟದ್ದನ್ನೂ, ಪಟ್ಟಾಭಿಷೇಕದಿಂದ 26 ವರ್ಷಗಳಲ್ಲಿ 25 ಬಾರಿ ಕೈದಿಗಳನ್ನು ಬಿಡುಗಡೆ ಮಾಡಿದ್ದನ್ನೂ ಅಶೋಕ ಹೇಳಿಕೊಂಡಿದ್ದಾನೆ. ಆದರೂ ಮರಣದಂಡನೆಯನ್ನು ಅವನು ರದ್ದು ಮಾಡಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವೂ ಗಂಡಸರಿಗೆ ಹೆಂಗಸರಿಗೆ ಪ್ರತ್ಯೇಕ ಬಂಧನಾಗಾರ ಬೇಕೆಂದೂ, ಕೈದಿಯ ಅನ್ನನೀರು ತಡೆದ ಅಧಿಕಾರಿಗೆ ದಂಡ ಹಾಕಬೇಕೆಂದೂ, ಮಕ್ಕಳು, ಮುದುಕರು, ರೋಗಿಗಳನ್ನು ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಂದು ಬಿಡಬೇಕೆಂದೂ ಹೇಳುತ್ತದೆ.

## ಹೊಸ ಜೈಲು ಹುಟ್ಟಿದ ಬಗೆ

ಈಗಿನಂಥ ಜೈಲನ್ನು ಕಂಡುಹಿಡಿದವರು ಯಾರು?

ಒಬ್ಬರಲ್ಲ. 1764ರಲ್ಲಿ ಇಟಲಿಯ ಬೆಕ್ಕಾರಿಯಾ, ಶಿಕ್ಷೆ ಕ್ರೂರವಾಗಿದ್ದರೆ ಸಾಲದು, ಅಪರಾಧಕ್ಕೆ ತಕ್ಕಷ್ಟಿರಬೇಕು, ಖಚಿತವಾಗಿ ಸಿಗಬೇಕು ಎಂದು ವಾದಿಸಿದ. 1786ರಲ್ಲಿ ಟಸ್ಕನಿ ಮರಣದಂಡನೆಯನ್ನೇ ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳವಿಗೂ ನೇಣಿತ್ತು. ನೇಣು ತಪ್ಪಿದವರನ್ನು ಅಮೆರಿಕಕ್ಕೆ ಸಾಗಿಸುತ್ತಿದ್ದರು. ಅಮೆರಿಕ ಸ್ವತಂತ್ರವಾಗಲು ಹೊರಟಾಗ ಆ ದಾರಿ ಮುಚ್ಚಿತು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸುಮಾರು 1,62,000 ಮಂದಿಯನ್ನು ಕಳಿಸಿದರು.

ಈ ನಡುವೆ ಬೆಡ್‌ಫರ್ಡ್‌ಷೈರಿನ ಷೆರಿಫ್ ಆಗಿದ್ದ ಜಾನ್ ಹೋವರ್ಡ್ ತನ್ನ ಕೈಕೆಳಗಿನ ಜೈಲನ್ನು ಹೋಗಿ ನೋಡಿದ. ನಿರ್ದೋಷಿಗಳೆಂದು ಬಿಡುಗಡೆಯಾದವರು ಒಳಗೇ ಕುಳಿತಿದ್ದರು, ಏಕೆಂದರೆ ಜೈಲರನಿಗೆ ಕೊಡಬೇಕಾದ ಶುಲ್ಕ ಅವರ ಬಳಿ ಇರಲಿಲ್ಲ. ಜೈಲರನಿಗೆ ಸಂಬಳವಿಲ್ಲ, ಕೈದಿಗಳಿಂದಲೇ ಅವನ ಹೊಟ್ಟೆ ತುಂಬಬೇಕು. ಹೋವರ್ಡ್ ಆಮೇಲೆ ಊರೂರು ಅಲೆದು, ಕೋಣೆಗಳ ಅಳತೆ, ನೀರು, ಜ್ವರ, ಸರಪಳಿ ಎಲ್ಲವನ್ನೂ ದಾಖಲಿಸಿ 1777ರಲ್ಲಿ ಪ್ರಕಟಿಸಿದ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸುಧಾರಕರು ಇನ್ನೊಂದು ಹೆಜ್ಜೆ ಇಟ್ಟರು: ಕೈದಿ ಒಬ್ಬನೇ ಒಂದು ಕೋಣೆಯಲ್ಲಿದ್ದು ತನ್ನ ತಪ್ಪನ್ನು ನೆನೆದು ಪಶ್ಚಾತ್ತಾಪ ಪಡಲಿ. 1829ರಲ್ಲಿ ತೆರೆದ ಅಲ್ಲಿನ ಜೈಲಿನಲ್ಲಿ ಕೋಣೆಯಿಂದ ಹೊರಗೆ ಕರೆತರುವಾಗ ಮುಖಕ್ಕೆ ಮುಸುಕು ಹಾಕುತ್ತಿದ್ದರು, ಒಬ್ಬರ ಮುಖ ಇನ್ನೊಬ್ಬರು ಕಾಣಬಾರದೆಂದು. ಕರುಣೆಯಿಂದ ಹುಟ್ಟಿದ ಆ ಏಕಾಂತ ಎಷ್ಟೋ ಜನರ ಬುದ್ಧಿಯನ್ನೇ ಕೆಡಿಸಿತು. ಆ ಸುಧಾರಕರು ಕೆಟ್ಟವರಲ್ಲ ಎಂಬುದೇ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು.

ನಮ್ಮಲ್ಲಿ ಕೈಕಾಲು ಕಡಿಯುವುದನ್ನು ನಿಲ್ಲಿಸಿದ್ದು ಬ್ರಿಟಿಷರೇ ತಾನೇ? ಅದನ್ನಾದರೂ ಒಪ್ಪಿಕೊಳ್ಳಿ.

ಒಪ್ಪುತ್ತೇನೆ. ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕಾಲದಲ್ಲಿ, 1790ರ ದಶಕದ ಆರಂಭದಲ್ಲಿ, ಬಂಗಾಳದಲ್ಲಿ ಅಂಗಚ್ಛೇದ ನಿಂತಿತು. ಅದರ ಬದಲಿಗೆ ಬಂದ ಲೆಕ್ಕವನ್ನು ಗಮನಿಸಿ: ಒಂದು ಅಂಗ ಹೋಗಬೇಕಾಗಿದ್ದವನಿಗೆ ಏಳು ವರ್ಷ ಸೆರೆ, ಎರಡು ಅಂಗವಾದರೆ ಹದಿನಾಲ್ಕು. ದೇಹದ ತುಂಡಿಗೆ ಬದಲಾಗಿ ಆಯುಷ್ಯದ ತುಂಡು. ಹಳೆಯ ಶಿಕ್ಷೆ ಹೊಸ ಶಿಕ್ಷೆಯಾಗಿ ಮಾರ್ಪಟ್ಟದ್ದನ್ನು ಇಷ್ಟು ಬಿಚ್ಚಿ ತೋರಿಸುವ ದಾಖಲೆ ಇನ್ನೊಂದನ್ನು ನಾನು ಕಂಡಿಲ್ಲ.

ಆದರೆ ದೇಹವನ್ನು ಅವರೂ ಪೂರ್ತಿ ಬಿಡಲಿಲ್ಲ. ಕೈದಿಗಳ ಹಣೆಯ ಮೇಲೆ ಅಪರಾಧದ ಹಚ್ಚೆ ಹಾಕುವ ಪದ್ಧತಿಯನ್ನು ಕಂಪನಿಯೇ ನಡೆಸಿತು, ಅದು ರದ್ದಾದದ್ದು 1849ರಲ್ಲಿ. ಛಡಿಯೇಟಿಗೆಂದೇ 1864ರಲ್ಲಿ ಪ್ರತ್ಯೇಕ ಕಾನೂನು ಬಂತು. ಅದನ್ನು ತೆಗೆದದ್ದು 1955ರಲ್ಲಿ, ನಮ್ಮದೇ ಸಂಸತ್ತು.

ಬೆಂಗಳೂರಿನ ಫ್ರೀಡಂ ಪಾರ್ಕಿನ ನಡುವೆ ಇರುವ ಗೋಪುರ ಏನು?

ಕಾವಲು ಗೋಪುರ. ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1860ರ ದಶಕದಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಅದು. ನಡುವಿನ ಗೋಪುರದಲ್ಲಿ ನಿಂತ ಒಬ್ಬನ ಕಣ್ಣಿಗೆ ಸುತ್ತಲಿನ ಬ್ಯಾರಕ್ಕುಗಳೆಲ್ಲ ಕಾಣಬೇಕು ಎಂಬುದು ಅದರ ಹಿಂದಿನ ವಿಚಾರ. ಇದನ್ನು ಕೊನೆಯ ಅಂಚಿಗೆ ಒಯ್ದವನು ಇಂಗ್ಲೆಂಡಿನ ಜೆರೆಮಿ ಬೆಂಥಮ್. 1791ರಲ್ಲಿ ಅವನು ‘ಪನಾಪ್ಟಿಕಾನ್’ ಎಂಬ ನಕ್ಷೆ ಪ್ರಕಟಿಸಿದ. ಬಳೆಯಂಥ ಕಟ್ಟಡ, ಅಂಚಿನಲ್ಲಿ ಕೋಣೆಗಳು, ನಡುವೆ ಗೋಪುರ. ಕಾವಲುಗಾರ ಕೈದಿಗೆ ಕಾಣುವುದಿಲ್ಲ. ಹಾಗಾಗಿ ಕಾವಲುಗಾರ ನೋಡುತ್ತಿಲ್ಲದಾಗಲೂ, ತನ್ನನ್ನು ನೋಡುತ್ತಿದ್ದಾನೆಂದೇ ಭಾವಿಸಿ ಕೈದಿ ನಡೆದುಕೊಳ್ಳುತ್ತಾನೆ. ನಮ್ಮ ಹಳೆಯ ಜೈಲುಗಳು ಅದರ ಯಥಾಪ್ರತಿಗಳಲ್ಲ. ಅವು ಚಕ್ರದ ಅರಗಳಂತೆ ಸಾಲುಗಳು ಚಾಚಿಕೊಂಡ ಇನ್ನೊಂದು ಮಾದರಿಗೆ ಹತ್ತಿರ.

ಆ ಗೋಪುರದ ಕೆಳಗೆ ಏನೇನು ನಡೆಯಿತು ಎಂಬುದನ್ನೂ ತಿಳಿದಿರಬೇಕು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಡೆದ್ದ ಈಸೂರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ದು ಆ ಜೈಲಿನಲ್ಲಿ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲಿದ್ದರು. ಅಸ್ತಮಾ ಕಾಯಿಲೆಯಿದ್ದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪಾರ್ಕಿಗೆ ನಡೆದಾಡಲು ಹೋಗುವವರು ಅವರ ಹೆಸರನ್ನು ಒಮ್ಮೆಯಾದರೂ ನೆನೆಯಲಿ ಎಂಬುದು ನನ್ನ ಆಸೆ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, 2008ರಲ್ಲಿ ಅದು ಉದ್ಯಾನವಾಯಿತು.

ಒಂದು ತಂಬಿಗೆಗಾಗಿ ಕೈದಿಗಳು ದಂಗೆ ಎದ್ದರಂತೆ. ಅಷ್ಟು ಸಣ್ಣ ವಿಷಯಕ್ಕೆ?

1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರ್‌ಪುರ ಜೈಲುಗಳಲ್ಲಿ ಹಿತ್ತಾಳೆಯ ತಂಬಿಗೆಗಳನ್ನು ಕಸಿದುಕೊಂಡು ಮಣ್ಣಿನ ಪಾತ್ರೆ ಕೊಟ್ಟರು. ತಂಬಿಗೆಯೇ ಆಯುಧವಾದೀತೆಂಬುದು ಅಧಿಕಾರಿಗಳ ಭಯ. ಆದರೆ ಹಿತ್ತಾಳೆಯನ್ನು ಬೆಳಗಿ ಶುದ್ಧ ಮಾಡಬಹುದು, ಮಣ್ಣಿನದನ್ನು ಆಗದು ಎಂಬುದು ಕೈದಿಗಳ ಆಚಾರ. ಊರಿನ ಜನರೂ ಅವರ ಪರ ನಿಂತರು, ಸರಕಾರ ತಂಬಿಗೆಗಳನ್ನು ಹಿಂದಿರುಗಿಸಬೇಕಾಯಿತು. ಅದಕ್ಕೆ ಹತ್ತು ವರ್ಷ ಮುಂಚೆ, ಎಲ್ಲರಿಗೂ ಒಂದೇ ಅಡುಗೆ ಎಂದಾಗಲೂ ಹೀಗೆಯೇ ಗಲಭೆಯಾಗಿತ್ತು. ಎಲ್ಲವನ್ನೂ ಕಿತ್ತುಕೊಂಡ ಜಾಗದಲ್ಲಿ ಉಳಿದ ಒಂದೇ ಒಂದು ವಸ್ತು ಸಣ್ಣದಾಗಿರುವುದಿಲ್ಲ. 1857ರಲ್ಲಿ ಸಿಪಾಯಿಗಳು ಹೋದಲ್ಲೆಲ್ಲ ಮೊದಲು ಜೈಲಿನ ಬಾಗಿಲು ಮುರಿದದ್ದಕ್ಕೂ ಈ ಸಿಟ್ಟಿಗೂ ನಂಟಿದೆ.

ಕರಿನೀರಿನ ಶಿಕ್ಷೆ ಎಂದರೆ ಅಂಡಮಾನಿನ ಸೆಲ್ಯುಲರ್ ಜೈಲೇ ತಾನೇ?

ಎರಡೂ ಒಂದಲ್ಲ. ಸಮುದ್ರದಾಚೆಗೆ ಕಳಿಸುವುದು ಸೆಲ್ಯುಲರ್ ಜೈಲಿಗಿಂತ ನೂರು ವರ್ಷ ಹಳೆಯದು. 1780ರ ದಶಕದಿಂದಲೇ ಸುಮಾತ್ರಾದ ಬೆಂಕೂಲೆನ್‌ಗೆ, ಆಮೇಲೆ ಪೆನಾಂಗ್, ಸಿಂಗಪುರಗಳಿಗೆ ಭಾರತದ ಕೈದಿಗಳನ್ನು ಸಾಗಿಸುತ್ತಿದ್ದರು. ಸಿಂಗಪುರದ ಸೇಂಟ್ ಆಂಡ್ರ್ಯೂಸ್ ಕ್ಯಾಥೆಡ್ರಲ್ ಕಟ್ಟಿದ್ದು ಭಾರತೀಯ ಕೈದಿಗಳ ಕೈಗಳು. ಅಂಡಮಾನಿಗೆ ಮೊದಲ 200 ಮಂದಿ ಬಂದಿಳಿದದ್ದು 1858ರ ಮಾರ್ಚ್‌ನಲ್ಲಿ, ದಂಗೆಯ ಮರುವರ್ಷ. ಕಾಡು ಕಡಿಯುವುದೇ ಅವರ ಕೆಲಸ. ಜ್ವರಕ್ಕೆ ಸತ್ತವರು, ಓಡಿಹೋಗಿ ಸಿಕ್ಕಿ ನೇಣಿಗೇರಿದವರು ಬಹಳ.

ಸೆಲ್ಯುಲರ್ ಜೈಲು ಕಟ್ಟಿದ್ದು 1896ರಿಂದ 1906ರವರೆಗೆ. ನಡುವೆ ಗೋಪುರ, ಏಳು ರೆಕ್ಕೆಗಳು, 690ರಷ್ಟು ಒಂಟಿ ಕೋಣೆಗಳು. ಒಂದು ರೆಕ್ಕೆಯ ಮುಂಭಾಗ ಇನ್ನೊಂದರ ಬೆನ್ನಿಗೆ, ಎದುರು ಕೋಣೆ ಎಂಬುದೇ ಇಲ್ಲ. ಗಾಣಕ್ಕೆ ಕಟ್ಟಿದವರು ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. ಈಗ ಉಳಿದಿರುವುದು ಮೂರು ರೆಕ್ಕೆಗಳು. ಅಲ್ಲಿಗೆ ಹೋದವರು ಪ್ರಸಿದ್ಧರ ಕೋಣೆಗಳನ್ನು ನೋಡಿ ಬರುತ್ತಾರೆ. ಹೆಸರೇ ಉಳಿಯದ ಸಾವಿರಾರು ಸಾಧಾರಣ ಕೈದಿಗಳೂ ಆ ದ್ವೀಪಗಳಲ್ಲೇ ಸತ್ತರು.

ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆ ಇದೆ. ಅದಕ್ಕೂ ಜೈಲಿಗೂ ಏನು ಸಂಬಂಧ?

ನೇರ ಸಂಬಂಧವಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ತಪ್ಪು ಮಾಡಬೇಕಾಗಿಯೇ ಇರಲಿಲ್ಲ, ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು. ಕಾನೂನು ಆಮೇಲೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ವಸಾಹತುಗಳು ಎದ್ದವು. ಹಾಜರಿ ಹಾಕಬೇಕು, ಪರವಾನಗಿ ಇಲ್ಲದೆ ಊರು ಬಿಡುವಂತಿಲ್ಲ, ಗಿರಣಿಗಳಿಗೆ ಕೂಲಿಗೆ ಹೋಗಬೇಕು. ದೇಶ ಸ್ವತಂತ್ರವಾಗಿ ಐದು ವರ್ಷ ಕಳೆದ ಮೇಲೆ, 1952ರ ಆಗಸ್ಟ್ 31ರಂದು ಕಾನೂನು ರದ್ದಾಯಿತು. ಆ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ. ಊರಿನಲ್ಲಿ ಕಳ್ಳತನವಾದರೆ ಪೊಲೀಸರು ಇಂದಿಗೂ ಮೊದಲು ಯಾರ ಮನೆಯ ಬಾಗಿಲು ಬಡಿಯುತ್ತಾರೆ ಎಂದು ಅವರನ್ನೇ ಕೇಳಿ ನೋಡಿ.

## ಇಂದಿನ ಕಾನೂನು

ಜೀವಾವಧಿ ಶಿಕ್ಷೆ ಎಂದರೆ ಹದಿನಾಲ್ಕು ವರ್ಷ ತಾನೇ?

ಅಲ್ಲ. ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಜೀವಾವಧಿ ಎಂದರೆ ಉಳಿದ ಆಯುಷ್ಯವೆಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಸರಕಾರ ಶಿಕ್ಷೆಯನ್ನು ಕಡಿಮೆ ಮಾಡಿ ಬಿಡಬಹುದು, ಆದರೆ ಅದು ಕೈದಿಯ ಹಕ್ಕಲ್ಲ. ಹದಿನಾಲ್ಕು ಎಂಬ ಸಂಖ್ಯೆ ಬಂದದ್ದು ದಂಡ ಪ್ರಕ್ರಿಯಾ ಸಂಹಿತೆಯ 1978ರ ತಿದ್ದುಪಡಿಯಿಂದ. ಮರಣದಂಡನೆಯೂ ಇರುವ ಅಪರಾಧಕ್ಕೆ ಜೀವಾವಧಿ ಬಿದ್ದಿದ್ದರೆ, ಹದಿನಾಲ್ಕು ವರ್ಷ ತುಂಬುವ ಮೊದಲು ಹಾಗೆ ಬಿಡುವಂತಿಲ್ಲ ಎಂದು ಅದು ಹೇಳಿತು. ಜನ ಅದನ್ನು ತಿರುಗಿಸಿ, ಹದಿನಾಲ್ಕಕ್ಕೆ ಬಿಡಲೇಬೇಕು ಎಂದು ತಿಳಿದರು. 2008ರಲ್ಲಿ ಬೆಂಗಳೂರಿನ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಣನ್ನು ತಪ್ಪಿಸಿ, ಯಾವ ಮಾಫಿಯೂ ಇಲ್ಲದ ಜೀವಾವಧಿಯನ್ನು ವಿಧಿಸಿತು. ಆ ಮಾದರಿ ಈಗ ದೇಶದಲ್ಲೆಲ್ಲ ಬಳಕೆಯಲ್ಲಿದೆ.

ಜೈಲಿನೊಳಗೆ ಜಾತಿ ಇರುತ್ತದೆಯೇ?

ಕಾಗದದ ಮೇಲೆಯೇ ಇತ್ತು. ಅಡುಗೆ ಮೇಲ್ಜಾತಿಯವರಿಗೆ, ಗುಡಿಸುವುದು ಮತ್ತು ಪಾಯಿಖಾನೆ ಕೆಲಸ ಇಂಥ ಜಾತಿಗೆ ಎಂಬ ಅರ್ಥದ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ವಸಾಹತು ಕಾಲದಿಂದ ಉಳಿದುಬಂದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅದನ್ನು ಬಯಲಿಗೆಳೆದು ನ್ಯಾಯಾಲಯಕ್ಕೆ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಹೊಡೆದುಹಾಕಿ, ಕೈದಿಗಳ ದಾಖಲೆಯಿಂದ ಜಾತಿಯ ಅಂಕಣವನ್ನೇ ತೆಗೆಯುವಂತೆ ಹೇಳಿತು. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷ ಬೇಕಾಯಿತು.

ಗೋಡೆ ಇಲ್ಲದ ಜೈಲೂ ಇದೆಯಂತೆ. ಕೈದಿಗಳು ಓಡಿಹೋಗುವುದಿಲ್ಲವೇ?

ಬಯಲು ಬಂದೀಖಾನೆ ಎನ್ನುತ್ತಾರೆ. ಉತ್ತರ ಪ್ರದೇಶದಲ್ಲಿ 1950ರ ದಶಕದ ಆರಂಭದಲ್ಲಿ ಅಲ್ಲಿನ ಸಚಿವರಾಗಿದ್ದ ಸಂಪೂರ್ಣಾನಂದರು ಅಣೆಕಟ್ಟಿನ ಕೆಲಸಕ್ಕೆ ಕೈದಿಗಳ ಶಿಬಿರ ಮಾಡಿ ಈ ಪ್ರಯೋಗ ಬೆಳೆಸಿದರು. ಜೈಪುರದ ಬಳಿಯ ಸಾಂಗಾನೇರ್‌ನಲ್ಲಿ ಕೈದಿಗಳು ಹೆಂಡತಿ ಮಕ್ಕಳೊಡನೆ ವಾಸಿಸುತ್ತಾರೆ, ಹಗಲು ಹೊರಗೆ ದುಡಿದು ಸಂಜೆಯ ಹಾಜರಿಗೆ ಬರುತ್ತಾರೆ. ನಮ್ಮಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದಿದೆ. ಓಡಿಹೋಗುವವರು ಕಡಿಮೆ, ಏಕೆಂದರೆ ಕಳೆದುಕೊಳ್ಳಲು ಅವರ ಬಳಿ ಏನಾದರೂ ಇರುತ್ತದೆ. ಇಂಥವು ಕಡಿಮೆ ಸಂಖ್ಯೆಯಲ್ಲೇ ಉಳಿದಿರುವುದು ನನಗೆ ನೋವಿನ ವಿಷಯ.

ಜೈಲಿನಲ್ಲಿರುವವರೆಲ್ಲ ಅಪರಾಧಿಗಳೇ ಅಲ್ಲವೇ? ಅವರ ಬಗ್ಗೆ ಇಷ್ಟು ಮರುಕ ಏಕೆ?

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಜಾಗ ಇದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಲ್ಲಿ ನೆನಪಿಸಿಕೊಳ್ಳಿ: ಹಿಂದೆ ಸೆರೆಮನೆ ತೀರ್ಪಿಗಾಗಿ ಕಾಯುವ ಜಾಗವಾಗಿತ್ತು. ಇನ್ನೂರು ಮೂವತ್ತು ವರ್ಷಗಳ ಸುಧಾರಣೆ, ಸಮಿತಿ, ಕಾನೂನುಗಳ ನಂತರವೂ ನಮ್ಮ ಜೈಲು ಮುಖ್ಯವಾಗಿ ಅದೇ ಆಗಿದೆ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಆರೋಪಕ್ಕೆ ಬೀಳಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರು ಸಿಕ್ಕರು. ತ್ವರಿತ ವಿಚಾರಣೆ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಹೇಳಿದ್ದು ಆಗ. ಹೋವರ್ಡ್ ಕಂಡ, ಶುಲ್ಕ ಕಟ್ಟಲಾರದೆ ಒಳಗೇ ಕುಳಿತ ನಿರ್ದೋಷಿಗಳಿಗೂ, ಜಾಮೀನು ಸಿಕ್ಕಿಯೂ ಭದ್ರತೆ ಕೊಡಲಾಗದೆ ಒಳಗಿರುವ ನಮ್ಮವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಅಣ್ಣನ ಮಗ ಒಂದೂವರೆ ವರ್ಷದಿಂದ ಒಳಗಿದ್ದಾನೆ, ವಕೀಲರಿಗೆ ಹಣವಿಲ್ಲ. ಚರಿತ್ರೆ ಹೇಳುವವರು ಇದಕ್ಕೇನಾದರೂ ದಾರಿ ಹೇಳಿ.

ಬಂಧನದಲ್ಲಿರುವ ಯಾರಿಗೇ ಆಗಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಕಚೇರಿಗೆ ಒಂದು ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಬೀಳಬಹುದಾದ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಕಷ್ಟ. ಆ ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಎಫ್‌ಐಆರ್ ಪ್ರತಿಯಲ್ಲಿರುವ ಸೆಕ್ಷನ್‌ಗಳನ್ನೂ ಬಂಧನದ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಸೋಮವಾರವೇ ಆ ಕಚೇರಿಗೆ ಹೋಗಿ.